ಮನೆ ಮೀಟರಿನ ತಟ್ಟೆ ಮಷಿನ್ನು

ಮಂಗಳವಾರ ಬಿಸಿಲೇರುವ ಹೊತ್ತಿಗೆ ಕರೆಂಟ್ ಆಫೀಸಿನ ಜೀಪು ಬಂದು ಮನೆ ಮುಂದೆ ನಿಂತಿತು. ರುದ್ರಾಣಿ ಹಿತ್ತಲಲ್ಲಿ ತೊಟ್ಟಿಯ ಪಕ್ಕ ಕೂತು, ನೆನೆದ ಅಡಿಕೆ ಹಾಳೆಗಳನ್ನು ಬ್ರಷ್ಷಿನಿಂದ ಉಜ್ಜಿ ತೊಳೆದು, ನೀರು ಇಳಿಯಲಿ ಅಂತ ಗೋಡೆಗೆ ಆನಿಸುತ್ತಿದ್ದಳು. ಹಿಂದೆ ಕೊಟ್ಟಿಗೆಯಲ್ಲಿ ನಾಲ್ಕು ಮಷಿನ್ನು ನಡೆಯುತ್ತಿದ್ದವು. ಒಂದೊಂದರ ಮುಂದೆ ಇಬ್ಬಿಬ್ಬರು ಹೆಂಗಸರು. ಒಬ್ಬಳು ಹಾಳೆ ಇಡುವವಳು, ಇನ್ನೊಬ್ಬಳು ಕಾದ ಅಚ್ಚನ್ನು ಒತ್ತಿ ತಟ್ಟೆ ತೆಗೆಯುವವಳು. ದನ ಮಾರಿ ಹತ್ತು ವರ್ಷದ ಮೇಲಾಗಿದ್ದರೂ ಸಂತೇಬೆನ್ನೂರಿನ ಆ ಓಣಿಯವರು ಅದನ್ನು ಕೊಟ್ಟಿಗೆ ಅಂತಲೇ ಕರೆಯುತ್ತಿದ್ದರು. ಬೇರೆ ಹೆಸರು ಕರೆಯೋಣ ಅಂದರೆ ಬಾಗಿಲ ಮೇಲೆ ಬೋರ್ಡು ಇರಲಿಲ್ಲ.

ಇಂಜಿನಿಯರು ಮೀಟರು ನೋಡಿದರು. ಮನೆಯ ಗೋಡೆಯಿಂದ ಹೊರಟು, ನುಗ್ಗೆ ಮರಕ್ಕೆ ಒಂದು ಸುತ್ತು ಸುತ್ತಿಕೊಂಡು, ಕೊಟ್ಟಿಗೆಯ ಮಾಡಿನೊಳಗೆ ನುಗ್ಗಿದ್ದ ವೈರನ್ನೂ ನೋಡಿದರು.

"ಏನಮ್ಮ, ಇದು ಮನೆ ಕನೆಕ್ಷನ್ ಅಲ್ವಾ?"

"ಹೌದ್ರಿ."

"ಮನೆ ಲೈನಿನಾಗೆ ನಾಲ್ಕು ಮಷಿನ್ ಓಡಿಸ್ತೀರಲ್ಲ. ಬೆಂಕಿ ಬಿದ್ರೆ?"

"ಒಂಬತ್ತು ವರ್ಷ ಬಿದ್ದಿಲ್ರಿ."

"ಬೀಳ್ಲಿ ಅಂತ ಕಾಯ್ತಿದೀರೇನು? ಯಾರ ಹೆಸರಿನಾಗೈತೆ ಈ ಫ್ಯಾಕ್ಟ್ರಿ?"

ಆ ಕೊಟ್ಟಿಗೆಯನ್ನು ಫ್ಯಾಕ್ಟರಿ ಅಂತ ಯಾರೂ ಕರೆದಿರಲಿಲ್ಲ. ರುದ್ರಾಣಿ ಸೆರಗಿಗೆ ಕೈ ಒರೆಸಿಕೊಂಡಳು.

"ಯಾರ ಹೆಸರಿನಾಗೂ ಇಲ್ರಿ."

"ಮಾಲೀಕರು ಎಲ್ಲಿ?"

"ತೀರ್ಕೊಂಡ್ರು. ಹೋದ ಯುಗಾದಿ ಆದಮೇಲೆ."

ಇಂಜಿನಿಯರು ಕೆಟ್ಟ ಮನುಷ್ಯನಲ್ಲ. ಮನೆಯ ದೀಪ ಹಾಗೇ ಬಿಟ್ಟು ಕೊಟ್ಟಿಗೆಗೆ ಹೋಗುವ ವೈರನ್ನಷ್ಟೇ ಕತ್ತರಿಸಿದರು. ಬೇರೆ ಮೀಟರಿಗೆ ಅರ್ಜಿ ಕೊಡಿ, ಅದಕ್ಕೆ ಜಾಗದ ಕಾಗದ ಬೇಕು, ಉದ್ಯೋಗದ ಕಾಗದ ಬೇಕು ಅಂತ ಹೇಳಿ ಜೀಪು ಹತ್ತಿದರು. ಮಷಿನ್ನು ನಿಂತವು. ಅಚ್ಚಿನಲ್ಲಿದ್ದ ನಾಲ್ಕು ಹಾಳೆ ಅರ್ಧ ತಟ್ಟೆಯಾಗಿ ಉಳಿದವು.

ಜನವರಿ ತಿಂಗಳು. ಇನ್ನು ಮೂರು ವಾರಕ್ಕೆ ಮದುವೆ ಕಾಲ ಶುರು. ಕೊಟ್ಟಿಗೆ ವರ್ಷವಿಡೀ ಉಸಿರಾಡುವುದು ಆ ನಾಲ್ಕು ತಿಂಗಳ ಮೇಲೆ. ಊರಿನ ಸರ್ಕಲ್ಲಿಗೆ ಶುಂಠಿ ಮೇಸ್ತ್ರಿಯ ಲಗೇಜ್ ಆಟೋ ದಿನಾ ಬೆಳಿಗ್ಗೆ ಬರುತ್ತಿತ್ತು, ಶುಂಠಿ ಕೀಳಲು ಹೆಂಗಸರು ಸಾಲದೆ ಮೇಸ್ತ್ರಿ ಓಣಿ ಓಣಿ ಕೂಗುತ್ತಿದ್ದ. ಎಂಟು ಹೆಂಗಸರು ಎಷ್ಟು ದಿನ ಸುಮ್ಮನೆ ಕೂರುತ್ತಾರೆ? ಒಂದು ಸಲ ಆ ಆಟೋ ಹತ್ತಿದರೆ ಮಳೆಗಾಲದವರೆಗೆ ಸಿಗುವುದಿಲ್ಲ. ಮದುವೆ ಕಾಲಕ್ಕೆ ಮುಂಚೆ ಕರೆಂಟು ಬಂದರೆ ಕೊಟ್ಟಿಗೆ ಉಳಿಯಿತು. ಬರದಿದ್ದರೆ ಮುಗಿಯಿತು. ಇಷ್ಟು ಲೆಕ್ಕ ಹಾಕಲು ರುದ್ರಾಣಿಗೆ ಹೆಚ್ಚು ಓದು ಬೇಕಿರಲಿಲ್ಲ.

ಓದಿದ್ದು ಐದನೇ ಕ್ಲಾಸು. ಹುಟ್ಟಿದ್ದು ನ್ಯಾಮತಿ ಕಡೆಯ ಗೋವಿನಕೋವಿ. ಹದಿನೆಂಟಕ್ಕೆ ಬೆನಕಪ್ಪನ ಕೈ ಹಿಡಿದು ಸಂತೇಬೆನ್ನೂರಿಗೆ ಬಂದಳು. ಅವನಿಗೆ ತೋಟ ಇರಲಿಲ್ಲ, ತೋಟದವರ ಪರಿಚಯ ಇತ್ತು. ಲಗೇಜ್ ಆಟೋದಲ್ಲಿ ಅಡಿಕೆ ಮೂಟೆ ಹೊಡೆಯುತ್ತಿದ್ದ. ತೋಟದ ತುಂಬ ಬಿದ್ದ ಹಾಳೆಯನ್ನು ಜನ ಒಟ್ಟಿ ಸುಡುವುದನ್ನು ನೋಡಿ ನೋಡಿ, ಒಂದು ದಿನ ಮನೆಗೆ ಬಂದವನೇ, "ರುದ್ರಾಣಿ, ಜನ ಬಿಸಾಕೋದ್ರಾಗೆ ನಮ್ಮ ಊಟ ಐತೆ" ಅಂದ. ಹೊನ್ನಾಳಿಯಲ್ಲಿ ಯಾರೋ ಕೆಲಸ ಮುಚ್ಚಿ ಮಾರಿದ ತಟ್ಟೆ ಮಷಿನ್ನು ಒಂದನ್ನು ತಂದು ಕೊಟ್ಟಿಗೆಯಲ್ಲಿಟ್ಟ. ಆಮೇಲೆ ಎರಡಾಯಿತು, ನಾಲ್ಕಾಯಿತು. ಹಾಳೆ ತರುವವನು ಅವನು, ನೆನೆಸಿ ತೊಳೆದು ಒತ್ತಿಸುವವಳು ಅವಳು.

ಕಾಗದ ಮಾತ್ರ ಒಂದೂ ಇರಲಿಲ್ಲ. ಇರಲಿಲ್ಲ ಅನ್ನುವುದಕ್ಕಿಂತ, ಬೇಡ ಅಂತಲೇ ಬಿಟ್ಟಿದ್ದ. ಮನೆಯ ಖಾತೆ ಸತ್ತ ಮಾವ ಗಾದ್ರಪ್ಪನವರ ಹೆಸರಿನಲ್ಲೇ ಇತ್ತು, ಅಣ್ಣತಮ್ಮ ಪಾಲು ಮಾಡಿಕೊಂಡಿರಲಿಲ್ಲ. ಅದನ್ನು ಕೆದಕಿದರೆ ಜಗಳ. ರೇಷನ್ ಕಾರ್ಡು ಬಡವರದು, ಉದ್ಯೋಗ ಅಂತ ಬರೆಸಿದರೆ ಕಾರ್ಡು ಹೋಗುತ್ತದೆ ಅನ್ನುವ ಹೆದರಿಕೆ. ಎಲ್ಲಕ್ಕಿಂತ ಹೆಚ್ಚು ಟ್ಯಾಕ್ಸಿನ ಹೆದರಿಕೆ. ಚನ್ನಗಿರಿಯ ಒಬ್ಬ ಬೇಕರಿಯವನಿಗೆ ನೋಟಿಸು ಬಂತಂತೆ ಅನ್ನುವ ಸುದ್ದಿ ಕೇಳಿದ ದಿನ ಬೆನಕಪ್ಪ ಆಟೋದ ಗಾಜಿಗೆ ಅಂಟಿಸಿದ್ದ ಫೋನ್‌ಪೇ ಚೀಟಿಯನ್ನು ಉಗುರಿನಿಂದ ಕೆರೆದು ಕೆರೆದು ಕಿತ್ತಿದ್ದ. "ನಮ್ಮ ಹೆಸರು ಅವರಿಗೆ ಗೊತ್ತಾಗದಿದ್ರೆ ನಾವು ಚೆನ್ನಾಗಿರ್ತೀವಿ" ಅನ್ನುತ್ತಿದ್ದ.

ಹೆಸರು ಯಾರಿಗೂ ಗೊತ್ತಾಗಲಿಲ್ಲ. ಬ್ಯಾಂಕಿನವರಿಗೂ ಗೊತ್ತಾಗಲಿಲ್ಲ, ಅದಕ್ಕೇ ಐದನೇ ಮಷಿನ್ನು ಬರಲೇ ಇಲ್ಲ. ತಟ್ಟೆಯಲ್ಲಿ ಉಂಡವರಿಗೂ ಗೊತ್ತಾಗಲಿಲ್ಲ. ಬಿಲ್ಲಿಲ್ಲದ ಮಾಲನ್ನು ದೊಡ್ಡ ಅಡುಗೆ ಕಂಟ್ರಾಕ್ಟಿನವರು ಕೊಳ್ಳುವುದಿಲ್ಲ. ಹಾಗಾಗಿ ಫೋನಿನಲ್ಲಿ ಕೇಳುವ ಚಿಲ್ಲರೆ ಗಿರಾಕಿಗಳದ್ದು ಬಿಟ್ಟರೆ ಕೊಟ್ಟಿಗೆಯ ತಟ್ಟೆಯೆಲ್ಲ ಚನ್ನಗಿರಿಯ ಮಹಾಂತೇಶನ ಗೋಡೌನಿಗೆ ಹೋಗುತ್ತಿತ್ತು. ಅವನು ತನ್ನ ಅಂಗಡಿಯ ಚೀಟಿ ಅಂಟಿಸಿ ದಾವಣಗೆರೆ, ಹುಬ್ಬಳ್ಳಿಗೆ ಕಳಿಸುತ್ತಿದ್ದ. ಅವನು ಹೇಳಿದ್ದೇ ರೇಟು.

ಬೆನಕಪ್ಪ ಸತ್ತಾಗ ಕೊಟ್ಟಿಗೆಯೂ ಅರ್ಧ ಸತ್ತಿತು. ಯಾವ ತೋಟದಲ್ಲಿ ಯಾವಾಗ ಹಾಳೆ, ಯಾರಿಗೆ ಯಾವ ಅಳತೆಯ ತಟ್ಟೆ, ಎಲ್ಲ ಅವನ ತಲೆಯಲ್ಲಿತ್ತು. ಉಳಿದದ್ದು ಅವನ ಫೋನು. ಹದಿಮೂರನೇ ದಿನದ ಮರುದಿನ ಅದು ಬಡಿದುಕೊಂಡಿತು. "ಬೆನಕಪ್ಪಾರೇ, ಜಗಳೂರಿಂದ. ಸಾವಿರ ತಟ್ಟೆ ಬೇಕಿತ್ತಲ್ಲ" ಅಂದರು. ರುದ್ರಾಣಿ ಅಂದಳು: "ಬೆನಕಪ್ಪ ಇಲ್ಲ. ಯಾವ ಸೈಜು ಹೇಳ್ರಿ." ಹೀಗೆ ಕರೆ ಮಾಡಿದವರ ಬಾಯಿಂದಲೇ ಒಂದೊಂದಾಗಿ ಗಂಡನ ಉದ್ಯೋಗವನ್ನು ಕಲಿತಳು. ಪ್ರತಿ ಸಲ "ಬೆನಕಪ್ಪ ಇಲ್ಲ" ಅಂತ ಹೇಳಬೇಕಿತ್ತು. ಹತ್ತು ತಿಂಗಳಲ್ಲಿ ಎಷ್ಟು ಸಲ ಹೇಳಿದಳೋ. ನಾಲಿಗೆಗೆ ರೂಢಿಯಾಯಿತು. ಒಳಗೆ ರೂಢಿಯಾಗಲಿಲ್ಲ.

ಕರೆಂಟು ಕತ್ತರಿಸಿದ ದಿನ ಸಂಜೆಯೇ ಮಹಾಂತೇಶ ಬೈಕಿನಲ್ಲಿ ಬಂದ. ಬೆನಕಪ್ಪನ ಹೆಣಕ್ಕೆ ಹೆಗಲು ಕೊಟ್ಟವನು. ಅವನ ಮುಂದೆ ರುದ್ರಾಣಿ ಚಾಪೆ ಹಾಕಿ ಚಹಾ ಇಟ್ಟಳು.

"ಅಕ್ಕಾರೆ, ನೀವು ಆಫೀಸು ಆಫೀಸು ತಿರುಗಬ್ಯಾಡ್ರಿ. ಮಷಿನ್ನು ನನ್ನ ಗೋಡೌನಿಗೆ ತರಿಸ್ತೀನಿ. ಅಲ್ಲಿ ತ್ರೀ ಫೇಸ್ ಐತೆ, ಲೈಸೆನ್ಸ್ ಐತೆ. ನೀವು, ನಿಮ್ಮ ಹೆಂಗಸ್ರು ಬೆಳಿಗ್ಗೆ ಬಸ್ಸಿಗೆ ಬರ್ರಿ. ದಿನದ ಪಗಾರ ಕೊಡ್ತೀನಿ."

"ನಮ್ಮ ಮಷಿನ್ನಿಗೆ ನಾವೇ ಕೂಲಿ ಹೋಗೋದಾ?"

"ಹಂಗ್ಯಾಕೆ ಅಂತೀರಿ? ಮಷಿನ್ನಿಗೂ ಒಂದಿಷ್ಟು ಕೊಡ್ತೀನಿ. ನಿಮಗೆ ತಲೆನೋವು ಬ್ಯಾಡ ಅಂತ."

"ಕಾಗದ ಮಾಡಿಸಿದ್ರೆ?"

ಮಹಾಂತೇಶ ಲೋಟ ಕೆಳಗಿಟ್ಟ. "ಮಾಡಿಸ್ಬೌದು. ಆಮೇಲೆ ಟ್ಯಾಕ್ಸ್ ಕಟ್ತೀರಾ? ತಿಂಗಳಾ ತಿಂಗಳಾ ಆಡಿಟರ್ ಹತ್ರ ಹೋಗ್ತೀರಾ? ಸರ್ಕಾರದ್ದು ತಿಂಗಳಾ ಎರಡು ಸಾವಿರ ಬರ್ತಿದೆಯಲ್ಲ, ಅದೂ ನಿಲ್ತದೆ. ಬೆನಕಪ್ಪಣ್ಣ ಸುಮ್ನೆ ಬಿಟ್ಟಿದ್ನಾ?"

ಹೌದು, ಗಂಡ ಸುಮ್ಮನೆ ಬಿಟ್ಟಿರಲಿಲ್ಲ. ಏನೋ ತಿಳಿದೇ ಬಿಟ್ಟಿದ್ದ.

"ವಿಚಾರ ಮಾಡಿ ಹೇಳ್ತೀನಿ ಮಾಂತೇಶಣ್ಣ."

"ಬೇಗ ಹೇಳ್ರಿ. ಹೆಂಗಸ್ರು ಶುಂಠಿಗೆ ಹೋದ್ರೆ ನಂಗೂ ಕಷ್ಟ, ನಿಮಗೂ ಕಷ್ಟ."

ಅವನು ಹೋದ ಮೇಲೆ ರುದ್ರಾಣಿ ವಿಚಾರ ಮಾಡಿದಳು. ಚನ್ನಗಿರಿಗೆ ಹೋದರೆ ಒಂದು ವರ್ಷಕ್ಕೆ ಮಷಿನ್ನು ಯಾರದು ಅಂತ ಕೇಳುವವರೂ ಇರುವುದಿಲ್ಲ. ಇವು ನನ್ನವು ಅಂತ ತೋರಿಸಲು ಅವಳ ಹತ್ತಿರ ಏನಿತ್ತು? ಚೀಟಿ ಇಲ್ಲ, ರಸೀದಿ ಇಲ್ಲ. ಮಹಾಂತೇಶ ಒಳ್ಳೆಯವನೇ. ಆದರೆ ಅವನ ಒಳ್ಳೆಯತನದ ಮೇಲೆ ಮನೆ ಕಟ್ಟಲಾಗುವುದಿಲ್ಲ.

ಮರುದಿನ ಪಂಚಾಯಿತಿ ಪಕ್ಕದ ಕಂಪ್ಯೂಟರ್ ಅಂಗಡಿಗೆ ಹೋದಳು. ಅಲ್ಲಿ ಸುಚಿತ್ರಾ ಅನ್ನುವ ಹುಡುಗಿ ಜನರಿಗೆ ಜಾತಿ, ಆದಾಯದ ಅರ್ಜಿ ತುಂಬಿಕೊಡುತ್ತಾಳೆ.

"ಉದ್ಯೋಗದ ಕಾಗದ ಬೇಕು ಕಣಮ್ಮ. ಎಷ್ಟು ದಿನ ಆಗುತ್ತೆ? ಎಷ್ಟು ಕೊಡಬೇಕು?"

"ಆಧಾರ್ ಐತಾ? ಪ್ಯಾನ್? ಫೋನಿಗೆ ಓಟಿಪಿ ಬರುತ್ತಾ? ಕೂತ್ಕಳ್ರಿ ಆಂಟಿ."

ಅವಳು ಟಕಟಕ ಅಂತ ಒತ್ತಿದಳು. ರುದ್ರಾಣಿ ಇನ್ನೂ ಸರಿಯಾಗಿ ಕೂತಿರಲಿಲ್ಲ ಅನ್ನಿಸುವಷ್ಟರಲ್ಲಿ ಒಂದು ಹಾಳೆ ಪ್ರಿಂಟಾಗಿ ಬಂತು.

"ತಗಳ್ರಿ. ಆಯ್ತು."

"ಏನಾಯ್ತು?"

"ರಿಜಿಸ್ಟರ್ ಆಯ್ತು. ಸರ್ಕಾರಕ್ಕೆ ದುಡ್ಡು ಕಟ್ಟಂಗಿಲ್ಲ. ನಂಗೆ ಪ್ರಿಂಟಿಂದು ಕೊಡ್ರಿ ಸಾಕು."

ರುದ್ರಾಣಿ ಕಾಗದವನ್ನು ತಿರುಗಿಸಿ ಹಿಂದೆಯೂ ನೋಡಿದಳು. ಹಿಂದೆ ಏನೂ ಇರಲಿಲ್ಲ. ಒಂಬತ್ತು ವರ್ಷ ಹೆದರಿದ್ದು ಇದಕ್ಕೆ.

"ಟ್ಯಾಕ್ಸು?"

"ಅದು ನಂಗೆ ಗೊತ್ತಿಲ್ಲ ಆಂಟಿ. ಚನ್ನಗಿರಿ ಬಸ್‌ಸ್ಟ್ಯಾಂಡ್ ಹತ್ರ ಸಿದ್ದಲಿಂಗೇಶ್ ಅಂತ ಆಡಿಟರ್ ಇದಾರೆ, ಕೇಳ್ರಿ."

ಸಿದ್ದಲಿಂಗೇಶ್ ವಯಸ್ಸಾದವರು. ಮೇಜಿನ ಮೇಲೆ ಫೈಲಿನ ಗುಡ್ಡೆ. ಅವಳು ಚೀಲದಿಂದ ಒಂದು ತಟ್ಟೆ ತೆಗೆದು ಮುಂದಿಟ್ಟಳು, ಮಾಲು ನೋಡಿದರೆ ಸರಿಯಾಗಿ ಹೇಳುತ್ತಾರೆ ಅಂತ. ಅವರು ತಟ್ಟೆಯನ್ನು ಬೆರಳಿನಿಂದ ಬಡಿದು ನೋಡಿದರು.

"ಹಾಳೆ ತಟ್ಟೆ ಬಿಟ್ಟು ಬೇರೇನಾದ್ರೂ ಮಾಡ್ತೀರಾ?"

"ಇಲ್ರಿ. ತಟ್ಟೆ, ದೊನ್ನೆ. ಅಷ್ಟೇ."

"ಹಂಗಾದ್ರೆ ಯಾವ ಟ್ಯಾಕ್ಸು ಕೇಳಾಕೆ ಬಂದೀರಿ?"

"ಜಿ.ಎಸ್.ಟಿ. ರೀ."

"ಎಲೆ, ಹಾಳೆಯಿಂದ ಮಾಡಿದ ತಟ್ಟೆಗೆ ಜಿ.ಎಸ್.ಟಿ. ಇಲ್ಲಮ್ಮ. ಸೊನ್ನೆ." ಅವರಿಗೆ ನಗು ಬಂತು. "ಯಾರು ಹೆದರಿಸಿದ್ರು ನಿಮ್ಮನ್ನ? ಬಿಲ್ ಬುಕ್ ಒಂದು ಮಾಡಿಸ್ರಿ, ಬ್ಯಾಂಕಿನಾಗೆ ಖಾತೆ ತೆಗೀರಿ. ವರ್ಷಕ್ಕೊಂದು ಸಲ ನನ್ನ ಹತ್ರ ಬರ್ರಿ, ನಿಮ್ಮ ಆದಾಯ ನೋಡಿ ಹೇಳ್ತೀನಿ. ಹೋಗ್ರಿ."

ವಾಪಸ್ ಬಸ್ಸಿನಲ್ಲಿ ರುದ್ರಾಣಿ ಕಿಟಕಿ ಪಕ್ಕ ಕೂತಳು. ಖುಷಿಯಾಗಬೇಕಿತ್ತು. ಬಂದದ್ದು ಸಿಟ್ಟು. ಬೆನಕಪ್ಪ ಸತ್ತ ಮೇಲೆ ಅವನ ಮೇಲೆ ಅವಳಿಗೆ ಸಿಟ್ಟು ಬಂದದ್ದು ಅದೇ ಮೊದಲು. ಇಲ್ಲದ ಟ್ಯಾಕ್ಸಿಗೆ ಹೆದರಿ ಒಂಬತ್ತು ವರ್ಷ ಬಾಗಿಲು ಹಾಕಿಕೊಂಡು ತಟ್ಟೆ ಒತ್ತಿಸಿದ. ಜೀಪಿನ ಸದ್ದು ಕೇಳಿದರೆ ಮಷಿನ್ನು ನಿಲ್ಲಿಸಿ ಅಂತ ಕೂಗುತ್ತಿದ್ದ. ಒಬ್ಬರನ್ನ ಕೇಳಿದ್ದರೆ? ಒಂದೇ ಒಂದು ಸಲ, ಬಸ್‌ಸ್ಟ್ಯಾಂಡಿನ ಪಕ್ಕ, ದಿನಾ ಆಟೋ ನಿಲ್ಲಿಸುತ್ತಿದ್ದ ಜಾಗದಿಂದ ನಾಲ್ಕು ಹೆಜ್ಜೆ. ಕೇಳಿದರೆ ಹೆಸರು ಗೊತ್ತಾಗುತ್ತದೆ ಅಂತ ಕೇಳಲಿಲ್ಲ. ಇದ್ದಿದ್ದರೆ ಮನೆಗೆ ಹೋದ ಕೂಡಲೇ ಊಟಕ್ಕೂ ಕೊಡದೆ ಬೈಯುತ್ತಿದ್ದಳು. ಅವನು ತಲೆ ಕೆರೆದುಕೊಂಡು, "ಹೌದಾ? ಸೊನ್ನೆನಾ?" ಅಂತ ನಗುತ್ತಿದ್ದ. ಬೈಯಲು ಅವನಿರಲಿಲ್ಲ. ಬಸ್ಸು ಇಳಿಯುವವರೆಗೂ ಅತ್ತಳು. ಪಕ್ಕದವಳು ಕೇಳಿದ್ದಕ್ಕೆ ಕಣ್ಣಿಗೆ ಧೂಳು ಅಂದಳು.

ಮನೆಗೆ ಬಂದು ಮುಖ ತೊಳೆದು ಮೈದುನನ ಮನೆಗೆ ಹೋದಳು. ಕರೆಂಟಿಗೆ ಜಾಗದ ಕಾಗದ ಬೇಕಲ್ಲ. ಪಂಚಾಯಿತಿಯವರು ಹೇಳಿದ್ದರು, ಖಾತೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬರುವುದು ತಡ, ಅಲ್ಲಿಯವರೆಗೆ ಎರಡೂ ಮನೆಯವರು ಒಪ್ಪಿ ಸೈನ್ ಹಾಕಿದ ಪತ್ರ ನಡೆಯುತ್ತದೆ. ಮೈದುನ ಗುರುಬಸವರಾಜ್ ಅಡಿಕೆ ಮಂಡಿಯಲ್ಲಿ ತೂಕ ಬರೆಯುವವನು. ಕಾಗದ ಅಂದರೆ ಏನು ಅಂತ ತಿಳಿದವನು.

"ಅತ್ತಿಗೆ, ಇವತ್ತು ಸೈನ್ ಹಾಕ್ತೀನಿ. ನಾಳೆ ಆ ಕಾಗದ ತೋರಿಸಿ ಕೊಟ್ಟಿಗೆ ಪೂರಾ ನಂದು ಅಂದ್ರೆ?"

"ನಾನು ಅಂತೀನಾ?"

"ನೀವು ಅನ್ನಲ್ಲ. ನಿಮ್ಮ ಅಳಿಯ ಅನ್ನಬೌದು."

ಮಗಳನ್ನು ಹೊನ್ನಾಳಿಗೆ ಕೊಟ್ಟಿತ್ತು. ಅಳಿಯ ಕೊಟ್ಟಿಗೆಯ ಮುಖವನ್ನೂ ನೋಡಿದವನಲ್ಲ. ರುದ್ರಾಣಿ ಅದನ್ನು ವಾದಿಸಲಿಲ್ಲ.

"ಹಂಗಾದ್ರೆ ಹಿಂಗೆ ಬರಿ. ಕೊಟ್ಟಿಗೇಲಿ ಅರ್ಧ ನಿಂದು. ನಿನ್ನ ಅರ್ಧಕ್ಕೆ ನಾನು ತಿಂಗಳಾ ಬಾಡಿಗೆ ಕೊಡ್ತೀನಿ. ಬಾಡಿಗೆ ಈಸ್ಕೊಂಡೆ ಅಂತ ನೀನೂ ಸೈನ್ ಹಾಕು. ನನ್ನ ಹತ್ರ ಒಂದು, ನಿನ್ನ ಹತ್ರ ಒಂದು."

ಗುರುಬಸವರಾಜನಿಗೆ ಮುಖ ಎಲ್ಲಿಡಬೇಕು ತಿಳಿಯಲಿಲ್ಲ. ಒಳಗಿಂದ ಅವನ ಹೆಂಡತಿ ಪ್ರೇಮಲತಾ ಹೊರಗೆ ಬಂದಳು. "ಅಣ್ಣನ ಹೆಂಡ್ತಿ ಹತ್ರ ಬಾಡಿಗೆ ಈಸ್ಕೊಂತೀಯಾ? ಓಣಿಯವರು ಏನಂತಾರೆ?" ಅಂದಳು.

"ಏನೂ ಅನ್ನಲ್ಲ ಪ್ರೇಮಾ," ಅಂದಳು ರುದ್ರಾಣಿ. "ಬಾಯಿ ಮಾತಿನಾಗೆ ಇಷ್ಟು ದಿನ ನಡೀತು. ಮಾತು ಆಡಿದೋರು ಹೋದ ಮೇಲೆ ಮಾತೂ ಹೋಯ್ತು. ಬರೆದಿದ್ರೆ ನಿಮಗೂ ಗಟ್ಟಿ, ನಂಗೂ ಗಟ್ಟಿ."

ತನ್ನ ಕೊಟ್ಟಿಗೆಗೆ ತಾನೇ ಬಾಡಿಗೆದಾರಳಾದಳು. ಆದರೆ ಸೈನ್ ಬಿತ್ತು. ಮರುದಿನವೇ ಎಲ್ಲ ಕಾಗದ ಜೋಡಿಸಿ ಕರೆಂಟ್ ಆಫೀಸಿಗೆ ಕೊಟ್ಟಳು. ಹತ್ತು ಹನ್ನೆರಡು ದಿನ ಅಂದರು.

ಉಳಿದದ್ದು ಹೆಂಗಸರು. ಅವರನ್ನು ಹನ್ನೆರಡು ದಿನ ಹಿಡಿದು ನಿಲ್ಲಿಸಬೇಕು, ಉದ್ಯೋಗ ಅಂತ ಆದ ಮೇಲೆ ಅವರ ಹೆಸರೂ ಬರೆಯಬೇಕು. ಎಂಟು ಜನರನ್ನೂ ಕರೆದಳು. ನಿಂತ ಮಷಿನ್ನಿನ ಸುತ್ತ ಕೂತರು.

"ಇನ್ನು ಮೇಲೆ ಒಂದು ಪುಸ್ತಕ ಇಡ್ತೀನಿ. ಯಾರು ಯಾವತ್ತು ಬಂದ್ರು ಅಂತ ನಿಮ್ಮ ಹೆಸರು ಇರುತ್ತೆ," ಅಂದಳು.

"ಬ್ಯಾಡ ರುದ್ರಕ್ಕ," ಅಂದಳು ಆಶಾ. ಎಲ್ಲರಿಗಿಂತ ಚಿಕ್ಕವಳು, ಕೈ ಚುರುಕು. "ಹೆಸರು ಬರೆದ್ರೆ ಕಾರ್ಡ್ ಕಟ್ ಆಗುತ್ತಂತೆ."

"ಯಾರಂದ್ರು?"

"ಎಲ್ರೂ ಅಂತಾರೆ."

"ಸುಚಿತ್ರಾನ ಕೇಳಿದೀನಿ. ಕೂಲಿ ಪುಸ್ತಕದಾಗೆ ಹೆಸರು ಬಂದ ಮಾತ್ರಕ್ಕೆ ಹೋಗಲ್ಲ ಅಂದ್ಲು. ಬರೆದು ಕೊಡು ಅಂದೆ. ಅದಾಗಲ್ಲ ಆಂಟಿ ಅಂದ್ಲು. ಇದ್ದದ್ದು ಇದ್ದಂಗೆ ಹೇಳ್ತಿದೀನಿ."

ಮೂಲೆಯಲ್ಲಿ ಉಡಚಮ್ಮ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ಎಲ್ಲರಿಗಿಂತ ಹಳಬಳು, ಮೊದಲನೇ ಮಷಿನ್ನು ಬಂದ ದಿನದಿಂದ ಇದ್ದವಳು. "ಕಾಗದದ ಕಥೆ ನನ್ನ ಕೇಳ್ರೇ," ಅಂದಳು. "ಒಂದು ಸಲ ನನ್ನ ಕಾರ್ಡಿನಾಗೆ ನಾನು ಸತ್ತೀನಿ ಅಂತ ಬರೆದಿದ್ರು. ಆರು ತಿಂಗಳು ಅಕ್ಕಿ ಇಲ್ಲ. ಬದುಕೀನಿ ಸ್ವಾಮಿ ಅಂತ ತೋರಿಸಾಕೆ ನಾಲ್ಕು ಸಲ ಚನ್ನಗಿರಿಗೆ ಹೋದೆ. ಕೊನೆಗೆ ಒಬ್ಬ, ಬದುಕಿರೋದಕ್ಕೆ ಸಾಕ್ಷಿ ತಗೊಂಡು ಬಾ ಅಂದ."

ಎಲ್ಲರೂ ನಕ್ಕರು. "ಯಾರನ್ನ ಕರ್ಕೊಂಡು ಹೋದೆ?"

"ನನ್ನ ಗಂಡನ್ನ. ಅವನು ಕುಡಿದು ಬಂದು, ಇವಳು ಬದುಕಿದ್ರೇನು ಸತ್ರೇನು ಅಂದ."

ನಗು ಇನ್ನೂ ಜೋರಾಯಿತು. ಉಡಚಮ್ಮ ನಗಲಿಲ್ಲ. ಬಲಗೈಯನ್ನು ಮುಂದೆ ಚಾಚಿದಳು. ಎರಡು ಬೆರಳ ತುದಿ ನುಣ್ಣಗೆ ಹೊಳೆಯುತ್ತಿತ್ತು, ಉಗುರಿರಲಿಲ್ಲ. ಎರಡು ವರ್ಷದ ಹಿಂದೆ ಅಚ್ಚಿನ ನಡುವೆ ಸಿಕ್ಕಿದ್ದು.

"ರುದ್ರಮ್ಮಾರೆ, ಇದು ನೆನಪೈತಾ?"

ನೆನಪಿತ್ತು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಬೆನಕಪ್ಪ, "ಮಷಿನ್ ಅನ್ನಬ್ಯಾಡ ಉಡಚವ್ವ, ಪೊಲೀಸು ಗಿಲೀಸು ಅಂತ ಆಗುತ್ತೆ, ಖರ್ಚು ನಾನು ನೋಡ್ಕೊಂತೀನಿ" ಅಂತ ಕೈ ಮುಗಿದಿದ್ದ. ಖರ್ಚು ನೋಡಿಕೊಂಡದ್ದೂ ನಿಜ.

"ಡಾಕ್ಟ್ರು ಕೇಳಿದ್ರು, ಹೆಂಗೆ ಸುಡ್ತು ಅಂತ. ರೊಟ್ಟಿ ಹಂಚು ಅಂದೆ. ಎರಡೂ ಕಡೆ ಸುಟ್ಟೈತಲ್ಲವ್ವ, ಹಂಚಿಗೆ ಮೇಲೊಂದು ಮುಚ್ಚಳ ಇರ್ತದಾ ಅಂದ್ರು. ನಮ್ಮನೆ ಹಂಚು ಹಂಗೇ ಐತೆ ಸ್ವಾಮಿ ಅಂದೆ."

ಈ ಸಲ ಯಾರೂ ನಗಲಿಲ್ಲ.

"ಕಾರ್ಡ್ ಹೋಗುತ್ತೋ ಬಿಡುತ್ತೋ ನಂಗೆ ಗೊತ್ತಿಲ್ಲ," ಅಂದಳು ಉಡಚಮ್ಮ. "ನಾನು ಇಲ್ಲಿ ಒಂಬತ್ತು ವರ್ಷ ಕೆಲಸ ಮಾಡೀನಿ. ಕೈ ಸುಟ್ಟಾಗ ಇಲ್ಲಿ ಕೆಲಸನೇ ಮಾಡಿಲ್ಲ ಅಂತ ಹೇಳಬೇಕಾಯ್ತು. ನನ್ನ ಹೆಸರು ಬರ್ಕಳ್ರಿ."

ರುದ್ರಾಣಿಗೆ ಆ ಬೆರಳುಗಳನ್ನು ನೋಡಲು ಆಗಲಿಲ್ಲ. ನೋಡಿದಳು. "ತಪ್ಪು ನಮ್ಮದು ಉಡಚವ್ವ. ಮುಂದೆ ಯಾರ ಕೈಗೆ ಏನಾದ್ರೂ ಮಷಿನ್ ಅಂತಲೇ ಹೇಳ್ರಿ. ಯಾರು ಬಂದು ಕೇಳಿದ್ರೂ ಉತ್ತರ ಕೊಡೋಳು ನಾನು. ಕರೆಂಟ್ ಬರೋವರೆಗೆ ಹಾಳೆ ತೊಳೆದು ಒಣಗಿಸೋ ಕೆಲಸ ಐತೆ, ಅರ್ಧ ಕೂಲಿ ಕೊಡ್ತೀನಿ. ಪೂರಾ ಕೊಡಾಕೆ ಶಕ್ತಿ ಇಲ್ಲ. ಶುಂಠಿಗೆ ಹೋಗೋರು ಹೋಗ್ರಿ, ಬೇಜಾರಿಲ್ಲ."

ಮೂವರು ಹೋದರು. ಅವರ ಮನೆಯಲ್ಲಿ ಅರ್ಧ ಕೂಲಿಗೆ ಒಲೆ ಹತ್ತುವುದಿಲ್ಲ ಅಂತ ರುದ್ರಾಣಿಗೂ ಗೊತ್ತು. ಐವರು ಉಳಿದರು. ಅವರಲ್ಲಿ ಆಶಾ ಎರಡು ದಿನ ಬರಲಿಲ್ಲ, ಮೂರನೇ ದಿನ ಬಂದು ಏನೂ ಮಾತಾಡದೆ ತೊಟ್ಟಿಯ ಮುಂದೆ ಕೂತಳು. ಪುಸ್ತಕದಲ್ಲಿ ತನ್ನ ಹೆಸರು ತಾನೇ ಬರೆದಳು.

ಮಹಾಂತೇಶ ಮತ್ತೆ ಬಂದ. ಈ ಸಲ ರುದ್ರಾಣಿ ಚಹಾ ಕೊಟ್ಟು ನೇರ ಕೇಳಿದಳು.

"ಹಾಳೆ ತಟ್ಟೆಗೆ ಟ್ಯಾಕ್ಸ್ ಇಲ್ಲಂತೆ. ನಿಮಗೆ ಗೊತ್ತಿತ್ತಾ?"

ಮಹಾಂತೇಶ ಚಹಾ ಊದಿದ. ಆರಿದ ಚಹಾವನ್ನೂ ಊದಿದ.

"ನನ್ನ ಲೆಕ್ಕ ಎಲ್ಲಾ ಬೇರೆಯೋರು ನೋಡ್ಕೊಂತಾರೆ ಅಕ್ಕಾರೆ. ನಾನೂ ಕೇಳಿಲ್ಲ. ಬೆನಕಪ್ಪಣ್ಣನೂ ನನ್ನ ಕೇಳಿಲ್ಲ."

ಅದು ನಿಜವೋ ಸುಳ್ಳೋ ಅವಳಿಗೆ ತಿಳಿಯಲಿಲ್ಲ. ಹೆಗಲು ಕೊಟ್ಟವನ ಜೊತೆ ಜಗಳ ಬೇಡ ಅನ್ನಿಸಿತು. ಸುಮ್ಮನಿರುವುದೂ ಬೇಡ ಅನ್ನಿಸಿತು.

"ಆಯ್ತು. ಮಷಿನ್ನು ಎಲ್ಲೂ ಬರಲ್ಲ. ತಟ್ಟೆ ನಿಮಗೂ ಕೊಡ್ತೀನಿ, ಬಿಲ್ ಹಾಕಿ ಕೊಡ್ತೀನಿ. ರೇಟು ನಾನು ಹೇಳ್ತೀನಿ."

"ನಂಗೂ ಬಿಲ್ಲಾ?"

"ನಿಮಗೇ ಮೊದಲನೇ ಬಿಲ್ಲು."

ಮಹಾಂತೇಶ ನಕ್ಕ. ಅಷ್ಟು ಸಂತೋಷದ ನಗುವಲ್ಲ. "ಬೆನಕಪ್ಪಣ್ಣ ಇಷ್ಟು ಜೋರಿರಲಿಲ್ಲ," ಅಂದ.

"ಇಲ್ಲ," ಅಂದಳು. "ಅವರು ಒಳ್ಳೆಯೋರು. ಹೆದರಿಕೆ ಜಾಸ್ತಿ."

ಹನ್ನೆರಡು ದಿನ ಅಂದದ್ದು ಹದಿನಾರಾಯಿತು. ಕೊಟ್ಟಿಗೆಯ ಹೊರಗೋಡೆಗೆ ಹೊಸ ಮೀಟರು ಕೂರಿಸಿದರು. ಕಂಬದಿಂದ ನೇರ ದಪ್ಪ ವೈರು ಬಂತು. ನುಗ್ಗೆ ಮರದ ಸುತ್ತ ಇದ್ದ ಹಳೇ ವೈರನ್ನು ಲೈನ್‌ಮನ್ ಬಿಚ್ಚಿ ಸುತ್ತಿ ಕೊಟ್ಟ. ನಾಲ್ಕು ಮಷಿನ್ನಿನಲ್ಲಿ ಎರಡೇ ಶುರು ಮಾಡಿದರು, ಜನ ಐದೇ. ಅಚ್ಚು ಕಾಯಲಿ ಅಂತ ಕಾದರು. ಉಡಚಮ್ಮ ಮೊದಲ ಹಾಳೆ ಇಟ್ಟಳು, ಆಶಾ ಒತ್ತಿ ಹಿಡಿದು ಎಣಿಸತೊಡಗಿದಳು. ಅಲ್ಲಿ ಗಡಿಯಾರ ನೋಡಿ ಒತ್ತುವವರಿಲ್ಲ. ಅರವತ್ತು ಎಣಿಸಿದರೆ ತಟ್ಟೆ ಬೆಂದಿತು ಅಂತ ಲೆಕ್ಕ. ಯಾರು ಕಲಿಸಿದರೋ, ಮೊದಲಿನಿಂದ ಅರವತ್ತೇ.

ನಲವತ್ತೈದಕ್ಕೆ ಹೊಗೆ ಬಂತು. ಐವತ್ತಕ್ಕೆ ಸುಟ್ಟ ವಾಸನೆ. ಅಚ್ಚು ಎತ್ತಿದರೆ ತಟ್ಟೆ ಕರಿ ಹೆಂಚಿನ ಹಾಗೆ ಬಂತು.

"ಅಯ್ಯೋ, ಹಾಳೆ ಜಾಸ್ತಿ ಒಣಗೈತೆ," ಅಂದಳು ಆಶಾ. ಇನ್ನೊಂದು ಇಟ್ಟರು. ಅದೂ ಸುಟ್ಟಿತು. ಮೂರನೆಯದೂ ಸುಟ್ಟಿತು.

ಬಾಗಿಲಲ್ಲಿ ನಿಂತಿದ್ದ ಲೈನ್‌ಮನ್‌ಗೆ ನಗು ತಡೆಯಲಾಗಲಿಲ್ಲ. "ಹಾಳೆದಲ್ಲಮ್ಮ ತಪ್ಪು. ಇಷ್ಟು ದಿನ ನಿಮಗೆ ಮನೆ ಕರೆಂಟು, ನಾಲ್ಕು ಮಷಿನ್ನಿಗೆ ವೋಲ್ಟೇಜ್ ಸಾಲ್ತಿರಲಿಲ್ಲ. ಮಷಿನ್ನಿಗೆ ಅರೆಹೊಟ್ಟೆ ಹಾಕಿ ದುಡಿಸಿದೀರಿ. ಈಗ ಪೂರಾ ಊಟ ಸಿಕ್ಕೈತೆ, ಬೇಗ ಕಾಯ್ತೈತೆ."

ರುದ್ರಾಣಿ ಆ ಮೂರು ಕರಿ ತಟ್ಟೆ ಕೈಯಲ್ಲಿ ಹಿಡಿದು ನಿಂತಳು. ಒಂಬತ್ತು ವರ್ಷ ಒಂದೊಂದು ತಟ್ಟೆಗೂ ಅರವತ್ತು ಎಣಿಸಿದ್ದರು. ತಟ್ಟೆ ಬೇಯಲು ಅಷ್ಟು ಹೊತ್ತು ಬೇಕೇ ಬೇಕು, ಅದು ಹಾಳೆಯ ಗುಣ ಅಂತ ತಿಳಿದಿದ್ದರು. ಹೆದರಿಕೊಂಡು ಕದ್ದು ಓಡಿಸಿದ ಮಷಿನ್ನಿನ ಗುಣ ಅಂತ ಯಾರಿಗೂ ಹೊಳೆದಿರಲಿಲ್ಲ. ಇಬ್ಬರು ಮಾಡುವ ತಟ್ಟೆಯನ್ನು ನಾಲ್ವರು ಮಾಡುತ್ತಿದ್ದರು, ಅದಕ್ಕೇ ಆ ನಾಲ್ವರಿಗೂ ಕೂಲಿ ಸಾಲುತ್ತಿರಲಿಲ್ಲ.

"ಮೂವತ್ತಕ್ಕೆ ತೆಗೆದು ನೋಡ್ರಿ," ಅಂದಳು.

ಮೂವತ್ತಕ್ಕೆ ಮಧ್ಯ ಇನ್ನೂ ಹಸಿ ಇತ್ತು. ಮೂವತ್ತೈದಕ್ಕೆ ಅಂಚು ಚೂರು ಕೆಂಪಾಯಿತು. ಮೂವತ್ತಮೂರಕ್ಕೆ ತೆಗೆದರು. ತಟ್ಟೆ ಹಾಲಿನ ಕೆನೆಯ ಬಣ್ಣಕ್ಕೆ ಬಂದಿತ್ತು, ಬಡಿದರೆ ಟಣ್ ಅನ್ನುತ್ತಿತ್ತು. ಉಡಚಮ್ಮ ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದಳು.

"ಮೂವತ್ತಮೂರು," ಅಂದಳು. "ಈ ವಯಸ್ಸಿಗೆ ಮತ್ತೆ ಎಣಿಸೋದು ಕಲೀಬೇಕಲ್ಲಪ್ಪಾ."

"ಕಲೀರಿ, ಕಲೀರಿ," ಅಂದಳು ರುದ್ರಾಣಿ. ಸುಟ್ಟ ತಟ್ಟೆಗಳನ್ನು ಒಲೆಯ ಕಡೆ ಎಸೆದಳು. ಸೀರೆ ಎತ್ತಿ ಸಿಕ್ಕಿಸಿಕೊಂಡು ಮೂರನೇ ಮಷಿನ್ನಿನ ಸ್ವಿಚ್ಚು ಹಾಕಿದಳು, ತಾನೇ ಅದರ ಮುಂದೆ ಕೂತಳು. ಅಚ್ಚು ಕಾದ ಮೇಲೆ ಹಾಳೆ ಇಟ್ಟಳು. ಒತ್ತಿ ಹಿಡಿದು ಗಟ್ಟಿಯಾಗಿ ಎಣಿಸತೊಡಗಿದಳು.